ಬೆಳಗಿನ ಸರದಿ

ದಾದರ್, ಮುಂಬಯಿ
೧೧ ಫೆಬ್ರವರಿ ೧೯೫೭

ಪ್ರಿಯ ಅಮ್ಮಣ್ಣಿ,

ಶುಭವಾರ್ತೆ ಮೊದಲು, ಕುಶಲಪ್ರಶ್ನೆ ಆಮೇಲೆ. ನಮ್ಮ ಶೀಲಾವತಿಗೆ ಮದುವೆ ನಿಶ್ಚಯವಾಗಿದೆ. ಮೇ ತಿಂಗಳ ಹನ್ನೆರಡನೆಯ ದಿನ, ಭಾನುವಾರ. ವರನು ಇಲ್ಲಿಯೇ ಒಂದು ಔಷಧದ ಕಂಪನಿಯಲ್ಲಿ ಕೆಲಸದಲ್ಲಿದ್ದಾನೆ. ಬಹಳ ಮಿತಭಾಷಿ. ಶೀಲಾವತಿ ಇಬ್ಬರ ಪಾಲಿನ ಮಾತನ್ನೂ ಆಡಬಲ್ಲಳಾದ್ದರಿಂದ ಸಂಸಾರಕ್ಕೆ ತೊಂದರೆಯಿಲ್ಲ.

ನೀನು ಒಂದು ವಾರ ಮುಂಚಿತವಾಗಿ ಬರಬೇಕು. ಮದುವೆಗೆ ಮುನ್ನ ಕಲ್ಲಿಗೆ ಅರಿಸಿನ ಕುಂಕುಮವಿಟ್ಟು, ಮುತ್ತೈದೆಯರು ಕುಳಿತು ಐದು ಹಿಡಿ ಉದ್ದು ರುಬ್ಬುವ ನಿಮ್ಮ ಕಡೆಯ ಶಾಸ್ತ್ರವನ್ನು ನೀನೇ ನಮಗೆ ಕಲಿಸಿದ್ದೆ. ನನ್ನ ಮಗಳಿಗೆ ಅದು ನಡೆಯಲೇಬೇಕೆಂಬುದು ನನ್ನ ಆಸೆ. ಅದೂ ಬೇರೆ ಕಲ್ಲಿನಲ್ಲಲ್ಲ. ಚಾಳಿನ ಮೂರನೆಯ ಮಾಳಿಗೆಯಲ್ಲಿ, ಅಕ್ಕಪಕ್ಕದ ಕೋಣೆಗಳಲ್ಲಿ, ಹೊಸ ಸೊಸೆಯರಾಗಿದ್ದ ನಾವು ಮೂವರು ಹಂಚಿಕೊಂಡಿದ್ದ ಆ ಕಲ್ಲಿನಲ್ಲಿಯೇ. ವಾರಿಜಾ ಮಂಗಳೂರಿನಿಂದ ಹಡಗಿನಲ್ಲಿ ತಂದಿದ್ದ ಆ ಕಲ್ಲು ಈಗಲೂ ಕಾಂದಿವಲಿಯ ಅವಳ ಮನೆಯಲ್ಲಿದೆ. ಮಡಿಯಲ್ಲಿ ಬೆಳಗಿನ ಮೊದಲ ಸರದಿ ನಿನ್ನದು, ಮಧ್ಯಾಹ್ನದ್ದು ನನ್ನದು, ಸಂಜೆಯದು ವಾರಿಜಾಳದು. ನೆನಪಿದೆಯಷ್ಟೆ?

ನೀನೂ ವಾರಿಜಾಳೂ ಮಾತು ಬಿಟ್ಟು ಹತ್ತೊಂಬತ್ತು ವರ್ಷಗಳಾದವು. ಮಂಗಳೂರೂ ಮೈಸೂರೂ ಒಂದೇ ರಾಜ್ಯಕ್ಕೆ ಸೇರಿ ಮೂರು ತಿಂಗಳಾಯಿತು; ಒಂದು ಕಲ್ಲಿನ ಸುತ್ತ ಕುಳಿತವರು ಸೇರಲಾರರೆ? ವಾರಿಜಾ ಹಳೆಯದನ್ನೆಲ್ಲ ಮರೆತಿದ್ದಾಳೆ. ನೀನೂ ಮರೆತು ಬಾ.

ನಿನ್ನ
ನೀಲಾವತಿ

ಮೈಸೂರು
೧೯ ಫೆಬ್ರವರಿ ೧೯೫೭

ಪ್ರಿಯ ನೀಲಾವತಿ,

ನಿನ್ನ ಪತ್ರವನ್ನು ಇವರಿಗೆ ಓದಿ ಹೇಳಿದೆ. "ನಾವು ಮುಂಬೈ ಬಿಟ್ಟಾಗ ಇನ್ನೂ ಹುಟ್ಟೇ ಇರ್ಲಿಲ್ಲವಲ್ಲೇ ಆ ಮಗು! ಅದಕ್ಕೆ ಮದುವೆಯೇ?" ಎಂದು ಕನ್ನಡಕವನ್ನು ತೆಗೆದು ಒರೆಸಿಕೊಂಡರು. ರೈಲ್ವೆ ಕಚೇರಿಯಿಂದ ನಿವೃತ್ತರಾದ ಮೇಲೆ ಇವರಿಗೆ ನಿಮ್ಮ ಊರಿನ ನೆನಪು ಹೆಚ್ಚಾಗಿದೆ. ಊಟಕ್ಕೆ ಚಟ್ನಿ ಬಡಿಸಿದಾಗಲೆಲ್ಲ ಒಂದೇ ಮಾತು: "ದಾದರಿನಲ್ಲಿ ಒಂದು ದಿನ ಮಾಡಿದ್ದೆಯಲ್ಲ, ಅದು ಚಟ್ನಿ. ಇದು ಬರೀ ತೆಂಗಿನಕಾಯಿ ಕಣೇ." ಮೈಸೂರಿನ ನೀರಿಗೆ ಆ ರುಚಿ ಬಾರದೆಂದು ಹೇಳಿ ನಾನು ಸುಮ್ಮನಾಗುತ್ತೇನೆ.

ಶೀಲಾವತಿಗೆ ನನ್ನ ಆಶೀರ್ವಾದ. ಆದರೆ ನಿನ್ನ ಪತ್ರದಲ್ಲಿ ಒಂದು ಮಾತು ನನಗೆ ಒಗ್ಗಲಿಲ್ಲ. ವಾರಿಜಾ ಮರೆತಿದ್ದಾಳೆಂದು ಬರೆದಿರುವೆ. ಮರೆಯುವ ಹಕ್ಕು ನೊಂದವರದು, ನೋಯಿಸಿದವರದಲ್ಲ. ನಮ್ಮೊಳಗೆ ಆಗಿದ್ದ ಒಪ್ಪಂದ ಒಂದೇ: ಮೀನಿನ ಅಡುಗೆಗೆ ಬೇಕಾದ ಮಸಾಲೆಯನ್ನು ಆ ಕಲ್ಲಿನಲ್ಲಿ ರುಬ್ಬಬಾರದು, ಅದಕ್ಕೆ ಅವಳ ಕೋಣೆಯೊಳಗಿನ ಒರಳಿದೆ. ಅಷ್ಟನ್ನೂ ಅವಳು ಪಾಲಿಸಲಿಲ್ಲ. ಆ ಬೆಳಿಗ್ಗೆ ಕಲ್ಲು ನಾರುತ್ತಿತ್ತು. ಕೇಳಿದ್ದಕ್ಕೆ, ನೀನೂ ನಿನ್ನ ಅತ್ತೆಯೂ ಬಾಗಿಲಲ್ಲಿ ನಿಂತು ನೋಡುತ್ತಿರುವಂತೆಯೇ, "ಹೌದು, ನಾನೇ ರುಬ್ಬಿದ್ದು. ಕಲ್ಲು ನನ್ನದು, ಬಾಯಿ ನಿನ್ನದು. ಎರಡೂ ಗಟ್ಟಿಯೇ" ಎಂದಳು.

ನಾನು ಹಟಮಾರಿಯಲ್ಲ. "ತಪ್ಪಾಯಿತು" ಎಂಬ ಒಂದು ಮಾತನ್ನು ಅವಳು ನಿನ್ನ ಮೂಲಕ ಹೇಳಿ ಕಳುಹಿಸಿದರೂ ಸಾಕು. ಅವಳ ಪಕ್ಕದಲ್ಲಿ ಕುಳಿತು ಐದಲ್ಲ, ಐವತ್ತು ಹಿಡಿ ಉದ್ದು ರುಬ್ಬುತ್ತೇನೆ.

ಇನ್ನೊಂದು ವಿಷಯ. ಕಳೆದ ವರ್ಷದ ನಿನ್ನ ಪತ್ರಗಳಲ್ಲಿ ಎಲ್ಲೆಲ್ಲಿಯೂ "ಬಿಲ್ಡಿಂಗು" ಎಂದೇ ಇರುತ್ತಿತ್ತು. ಕಟ್ಟಡವೆಂಬ ಪದ ಮುಂಬಯಿಯಲ್ಲಿ ಕುಸಿದುಬಿದ್ದಿತೆ?

ನಿನ್ನ
ಅಮ್ಮಣ್ಣಿ

ದಾದರ್
೪ ಮಾರ್ಚ್ ೧೯೫೭

ಪ್ರಿಯ ಅಮ್ಮಣ್ಣಿ,

ಕಟ್ಟಡ ನೆಟ್ಟಗೆ ನಿಂತಿದೆ, ಚಿಂತಿಸಬೇಡ.

ನಿನ್ನೆ ಭಾನುವಾರ ಕಾಂದಿವಲಿಗೆ ಹೋಗಿದ್ದೆ. ಲೋಕಲ್ ಗಾಡಿಯಿಂದಿಳಿದು ಹತ್ತು ನಿಮಿಷ ನಡೆದರೆ ಹೊಲಗಳ ಅಂಚಿನಲ್ಲಿ ಅವಳ ಮನೆ. ಸ್ವಂತ ಬಾವಿಯಿದೆ, ಬಾವಿಕಟ್ಟೆಯ ಬದಿಯಲ್ಲಿ ಕಲ್ಲು ಇದೆ. ಹೋದೊಡನೆ ಕಲ್ಲಿನ ವಿಷಯ ಎತ್ತಿದೆ.

"ಕಲ್ಲು ಬೇಕಾ? ತಗೊಂಡು ಹೋಗು ಮಾರಾಯ್ತಿ. ಅದಕ್ಕೆ ಕಾಲಿಲ್ಲ, ನಾನೇ ಕಳಿಸ್ತೇನೆ" ಎಂದಳು.

"ಮತ್ತೆ ನೀನು?"

"ನನಗೆ ಕಾಲುಂಟು. ಹಾಗಾಗಿ ಬರುವುದಿಲ್ಲ."

"ಹಾಗೆಂದರೆ ಹೇಗೆ ವಾರಿಜಾ? ಶೀಲಾವತಿ ನಿನ್ನ ಮಡಿಲಲ್ಲಿ ಬೆಳೆದವಳು."

"ಮದುವೆಯ ದಿನ ಬರ್ತೇನೆ. ಅಕ್ಷತೆ ಹಾಕಿ, ಊಟ ಮಾಡಿ, ನಿನ್ನ ಗಂಡನ ಹೋಟೆಲಿನ ಸಾರು ನೀರಾಗಿದೆ ಅಂತ ಹೇಳಿಯೇ ಹೋಗ್ತೇನೆ. ಆದರೆ ಆ ಮೈಸೂರಿನವಳ ಎದುರು ಕಲ್ಲು ಮುಟ್ಟುವ ಕೆಲಸ ನನ್ನಿಂದ ಆಗ್ಲಿಕ್ಕಿಲ್ಲ. ಕಡಲ ಬದಿಯವರ ಕೈ ತಾಗಿದರೆ ಕಲ್ಲೂ ಕೆಡ್ತದೆ ಅಂತ ಹೇಳಿದವಳು ಅವಳು. ಇಡೀ ಚಾಳು ಕೇಳಿದೆ."

ಪತ್ರಿಕೆಯ ಹಿಂದೆ ಅಡಗಿದ್ದ ಅವಳ ಗಂಡ ಪೂವಪ್ಪನವರು ಅಲ್ಲಿಂದಲೇ ಹೇಳಿದರು: "ಹತ್ತೊಂಬತ್ತು ವರ್ಷದಿಂದ ಇವಳ ಸಿಟ್ಟು ಸಾಕ್ತಾ ಇದ್ದೇನೆ ನೀಲಾವತಿಯಕ್ಕ. ದನ ಸಾಕಿದ್ದರೆ ಹಾಲಾದರೂ ಸಿಗ್ತಿತ್ತು."

ಹೊರಡುವಾಗ ವಾರಿಜಾ ಬೇಲಿಯವರೆಗೆ ಬಂದು, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ನೀನಾದರೂ ಏನಾದರೂ ಹೇಳಬಹುದಿತ್ತು" ಎಂದಳು. ಯಾವುದರ ವಿಷಯವೆಂದು ನಾನು ಕೇಳಲಿಲ್ಲ. ಗಾಡಿಗೆ ಹೊತ್ತಾಗಿತ್ತು.

ಅಮ್ಮಣ್ಣಿ, ಅವಳಿಗೆ ನೋವಾದದ್ದು ಆ ಒಂದು ಮಾತಿನಿಂದ. ಕಲ್ಲಿನ ವಿಷಯ ಹಾಗಿರಲಿ. ಮಾತಿನ ವಿಷಯಕ್ಕೆ ನೀನೇ ಎರಡು ಸಾಲು ಬರೆದರೆ ಎಲ್ಲವೂ ಸರಿಹೋದೀತು. ನೀನು ವಿದ್ಯಾವಂತೆ, ಹೆಣ್ಣುಮಕ್ಕಳಿಗೆ ಪಾಠ ಹೇಳುವವಳು. ಮೊದಲು ಬಾಗುವುದು ನಿನಗೆ ಕಷ್ಟವೆ?

ನಿನ್ನ
ನೀಲಾವತಿ

ಮೈಸೂರು
೧೩ ಮಾರ್ಚ್ ೧೯೫೭

ಸೌಭಾಗ್ಯವತಿ ನೀಲಾವತಿಗೆ,

ಪತ್ರ ತಲುಪಿತು. ವಾರಿಜಾ ಮರೆತಿದ್ದಾಳೆಂದು ಫೆಬ್ರವರಿಯಲ್ಲಿ ಬರೆದಿದ್ದೆ. ಏನನ್ನೂ ಮರೆತಿಲ್ಲವೆಂದು ಮಾರ್ಚಿನಲ್ಲಿ ಬರೆದಿರುವೆ. ಇವೆರಡರಲ್ಲಿ ಯಾವುದನ್ನು ನಂಬಲಿ?

ನನ್ನ ಮಾತು ಕಠಿಣವಾಗಿದ್ದಿತು. ಅದನ್ನು ನಾನು ಬಲ್ಲೆ, ನೀನು ನೆನಪಿಸಬೇಕಾಗಿರಲಿಲ್ಲ. ಆದರೆ ತಪ್ಪು ಮೊದಲಿನದು, ಮಾತು ಅನಂತರದ್ದು. ತಪ್ಪಿತಸ್ಥಳು ತಲೆಯೆತ್ತಿ ನಿಂತಿರುವಾಗ ಕೇಳಿದವಳು ಕ್ಷಮೆ ಬೇಡುವುದು ಯಾವ ನ್ಯಾಯ? ಹತ್ತೊಂಬತ್ತು ವರ್ಷಗಳ ಕಾಲ ಅವಳ ಪರವಾಗಿಯೂ ಆಡದೆ, ನನ್ನ ಪರವಾಗಿಯೂ ಆಡದೆ ಇದ್ದ ನೀನು, ಈಗ ಬಾಗುವ ಪಾಠವನ್ನು ನನಗೊಬ್ಬಳಿಗೇ ಹೇಳುತ್ತಿರುವುದು ಸೋಜಿಗ.

ಇವರ ಕಣ್ಣಿಗೆ ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಗುವ ಸಂಭವವಿದೆ. ಆದ್ದರಿಂದ ನಾವು ಬರುವುದು ಕಷ್ಟವಾಗಬಹುದು. ವಧುವಿಗೆ ಸೀರೆಯನ್ನು ಅಂಚೆಯಲ್ಲಿ ಕಳುಹಿಸುತ್ತೇನೆ. ಶಾಸ್ತ್ರಕ್ಕೆ ಕಲ್ಲು ಯಾವುದಾದರೂ ಆದೀತು.

ಇತಿ,
ಅಮ್ಮಣ್ಣಿ

ದಾದರ್
೨೧ ಮಾರ್ಚ್ ೧೯೫೭

ಅಮ್ಮಣ್ಣಿ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ಇದನ್ನು ಹರಿಯುವ ಮುನ್ನವೇ ಅಂಚೆಪೆಟ್ಟಿಗೆಗೆ ಹಾಕುತ್ತೇನೆ.

ಆ ಮಸಾಲೆಯನ್ನು ರುಬ್ಬಿದವಳು ವಾರಿಜಾ ಅಲ್ಲ. ನಾನು.

ಆಗ ನನಗೆ ಐದು ತಿಂಗಳು. ಇವರು ಸ್ಟೇಷನ್ನಿನ ಬಳಿ ಸಸ್ಯಾಹಾರದ ಹೋಟೆಲನ್ನು ತೆರೆದಂದಿನಿಂದ ಅತ್ತೆ ನಮ್ಮ ಮನೆಗೆ ಮೀನನ್ನು ನಿಷೇಧಿಸಿದ್ದರು. "ಅನ್ನ ಸಾರು ಮಾರಿ ಬದುಕುವವರ ಸೆರಗಿನಲ್ಲಿ ಮೀನಿನ ವಾಸನೆ ಬಂದರೆ ಗಿರಾಕಿ ಬರ್ತಾನಾ?" ಎನ್ನುತ್ತಿದ್ದರು. ಕಾಂತಪ್ಪನವರು, ನಮ್ಮ ಯಜಮಾನರು, ತಾಯಿಯ ಮಾತಿಗೆ ಎದುರಾಡಿದವರಲ್ಲ. ನನಗಾದರೋ ಕಣ್ಣು ಮುಚ್ಚಿದರೆ ಬಂಗುಡೆ, ತೆರೆದರೆ ಬಂಗುಡೆ. ಅನ್ನ ಸೇರುತ್ತಿರಲಿಲ್ಲ. ವಾರಿಜಾ ಅದನ್ನು ನೋಡಿ, "ನಾಳೆ ಸಂಜೆ ನಿನ್ನ ಅತ್ತೆ ಭಜನೆಗೆ ಹೋಗುವಾಗ ನಮ್ಮಲ್ಲಿಗೆ ಬಾ" ಎಂದಳು. ಮರುದಿನ ನಾನು ಹೋದಾಗ ಅವಳು ಒಳಗೆ ಮೀನು ಸ್ವಚ್ಛಮಾಡುತ್ತಿದ್ದಳು. ಅತ್ತೆ ಬಂದುಬಿಟ್ಟರೆ ಎಂಬ ಆತುರದಲ್ಲಿ ನಾನು ಮಸಾಲೆಯನ್ನು ಹೊರಗಿನ ಕಲ್ಲಿಗೆ ಹಾಕಿ ರುಬ್ಬಿಬಿಟ್ಟೆ. ತೊಳೆಯೋಣವೆಂದರೆ ನಲ್ಲಿಯ ನೀರು ನಿಂತುಹೋಗಿತ್ತು. ಒಂದು ಚೊಂಬು ನೀರಿನಲ್ಲಿ ಕೈಯಾಡಿಸಿ ಬಿಟ್ಟೆ.

ಬೆಳಿಗ್ಗೆ ನೀನು ಕೂಗಾಡಿದಾಗ ನಾನು ಬಾಗಿಲಲ್ಲಿದ್ದೆ. ಬೆನ್ನಿನ ಹಿಂದೆ ಅತ್ತೆ ಇದ್ದರು. ವಾರಿಜಾ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ "ಹೌದು, ನಾನೇ" ಎಂದಳು.

ಅಂದು ಅತ್ತೆಯ ಭಯವಿತ್ತು, ನಿಜ. ಆದರೆ ಅತ್ತೆ ತೀರಿಕೊಂಡು ಹನ್ನೆರಡು ವರ್ಷಗಳಾದವು. ಆ ಮೇಲಿನ ಮೌನ ನನ್ನದೇ. ಇಬ್ಬರಲ್ಲಿ ಒಬ್ಬಳಾದರೂ ಉಳಿಯಲಿ ಎಂದುಕೊಂಡು ಇಬ್ಬರನ್ನೂ ಒಬ್ಬರಿಂದೊಬ್ಬರಿಗೆ ಇಲ್ಲದಂತೆ ಮಾಡಿದೆ. ವಾರಿಜಾ ಮೊನ್ನೆಯವರೆಗೆ ಒಂದು ದಿನವೂ ನನ್ನನ್ನು ದೂರಲಿಲ್ಲ. ಅದು ದೂರಿಗಿಂತ ಭಾರ.

ಅಂದು ಬಂಗುಡೆ ಬೇಡಿದವಳು ಶೀಲಾವತಿ. ಅವಳ ಮದುವೆಯ ಉದ್ದನ್ನು ನೀವಿಬ್ಬರೂ ಮುಟ್ಟದಿದ್ದರೆ ನನಗೆ ಮದುವೆ ಮಾಡಿದಂತೆ ಆಗದು. ಇನ್ನು ನಿನ್ನ ಇಷ್ಟ.

ನೀಲಾವತಿ

(ಅಂಚೆಕಾರ್ಡು)
ದಾದರ್
೧೨ ಏಪ್ರಿಲ್ ೧೯೫೭

ಅಮ್ಮಣ್ಣಿ,

ನನ್ನ ಪತ್ರ ಸೇರಿತೆ? ಉತ್ತರವಿಲ್ಲ. ಸೀರೆಯೂ ಬಂದಿಲ್ಲ. ಬಾರದಿರುವುದು ಒಳ್ಳೆಯ ಲಕ್ಷಣವೋ ಕೆಟ್ಟದ್ದೋ ತಿಳಿಯದಾಗಿದೆ. ದಿನಕ್ಕೆ ಮೂರು ಸಲ ಬಾಗಿಲಿಗೆ ಹೋಗುವ ನನ್ನನ್ನು ನೋಡಿ ಶೀಲಾವತಿ, "ಅಮ್ಮಾ, ಪೋಸ್ಟ್‌ಮನ್ ಕೂ ಇತ್ನಾ ದೇಖೇಗೀ ತೋ ಪಪ್ಪಾ ಕ್ಯಾ ಸೋಚೇಂಗೆ? ಮದುವೆ ನಂದು, ವಾಟ್ ನೋಡೋದು ನೀನು!" ಎಂದು ನಗುತ್ತಾಳೆ. ಅಂಚೆಯವನನ್ನು ಇಷ್ಟು ನೋಡಿದರೆ ಅಪ್ಪ ಏನೆಂದುಕೊಂಡಾರು, ಮದುವೆ ಅವಳದು, ದಾರಿ ಕಾಯುವವಳು ನಾನು ಎಂದು. ಅವಳ ಕನ್ನಡ ಕೇಳಿ ನೀನು ಕೋಪಿಸಿಕೊಳ್ಳಲಾದರೂ ಬರಬೇಕು.

ವೆಂಕಟಸುಬ್ಬಯ್ಯನವರ ಕಣ್ಣು ಹೇಗಿದೆ?

ನೀಲಾವತಿ

ಮೈಸೂರು
೧೭ ಏಪ್ರಿಲ್ ೧೯೫೭

ನೀಲಾವತಿ,

ಇವರ ಕಣ್ಣಿಗೆ ಏನೂ ಆಗಿಲ್ಲ. ಅದು ನಾನು ಕಟ್ಟಿದ ಮಾತು.

ಮೇ ಐದರ ಬೆಳಿಗ್ಗೆ, ಪುಣೆಯಲ್ಲಿ ಗಾಡಿ ಬದಲಿಸಿ, ದಾದರಿನಲ್ಲಿ ಇಳಿಯುತ್ತೇನೆ. ಇವರು ಮದುವೆಯ ಮುನ್ನಾದಿನ ಬರುತ್ತಾರೆ. ಕಾಂತಪ್ಪನವರು ಸ್ಟೇಷನ್ನಿಗೆ ಬಂದು ನನ್ನ ಪೆಟ್ಟಿಗೆಯನ್ನು ಮಾತ್ರ ಮನೆಗೆ ಒಯ್ಯಲಿ. ನಾನು ಅಲ್ಲಿಂದಲೇ ಕಾಂದಿವಲಿಯ ಗಾಡಿಯನ್ನು ಹತ್ತುತ್ತೇನೆ. ನೀನು ಜೊತೆಗೆ ಬರಬೇಡ. ವಾರಿಜಾಳಿಗೂ ತಿಳಿಸಬೇಡ.

ನಿನ್ನ ಮೇಲೆ ಕೋಪವಿದೆಯೆ ಎಂದು ಕೇಳಬೇಡ. ಆ ವಿಷಯ ನನ್ನಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಅಮ್ಮಣ್ಣಿ

ದಾದರ್
೨೭ ಮೇ ೧೯೫೭

ಪ್ರಿಯ ಅಮ್ಮಣ್ಣಿ,

ನೀವು ಸುಖವಾಗಿ ಊರು ಸೇರಿದ ಕಾರ್ಡು ಬಂದಿತು. ಮನೆ ಖಾಲಿಯಾಗಿದೆ. ಶೀಲಾವತಿ ನಿನ್ನೆ ಗಂಡನೊಡನೆ ಬಂದು ಹೋದಳು. ಅಳಿಯ ಎರಡು ವಾಕ್ಯಗಳನ್ನು ಆಡಿದ! ಎರಡನೆಯದು ಕನ್ನಡದಲ್ಲಿತ್ತು. ನೀನು ಒಂದು ವಾರದಲ್ಲಿ ಕಲಿಸಿದ್ದು.

ಐದನೆಯ ತಾರೀಖಿನ ಮಧ್ಯಾಹ್ನ ನನ್ನ ಕಣ್ಣಿನಿಂದ ಹೋಗದು. ಬೆಳಿಗ್ಗೆ ಏಳು ಗಂಟೆಯಿಂದ ನಾನು ಕಿಟಕಿಯಲ್ಲಿದ್ದೆ. ಹತ್ತಾಯಿತು, ಹನ್ನೊಂದಾಯಿತು. ನೀವಿಬ್ಬರೂ ಜಗಳವಾಡಿದಿರಿ, ನೀನು ಊರಿಗೆ ಹಿಂದಿರುಗುವ ಗಾಡಿಯನ್ನು ಹಿಡಿದೆ ಎಂದೇ ನಾನು ನಿರ್ಧರಿಸಿದ್ದೆ. ಹನ್ನೆರಡೂವರೆಗೆ ಕೆಳಗೆ ಗದ್ದಲ ಕೇಳಿ ಬಗ್ಗಿ ನೋಡಿದರೆ, ಪೂವಪ್ಪನವರು ತಾವು ಕೆಲಸ ಮಾಡುವ ಕಾರ್ಖಾನೆಯ ಲಾರಿಯಿಂದ ಕಲ್ಲನ್ನು ಇಳಿಸುತ್ತಿದ್ದಾರೆ. ಬೀದಿಯ ತುದಿಯಿಂದ ನೀವಿಬ್ಬರೂ ನಡೆದು ಬರುತ್ತಿದ್ದೀರಿ. ನಿನ್ನ ಎದೆಗೆ ಮಗುವಿನಂತೆ ಅವುಚಿದ ಗಂಟು. ನಡೆಯಲಾರದಷ್ಟು ನಗು. ವಾರಿಜಾ ನಗುವಾಗ ಕಂಬ ಹಿಡಿದು ನಿಲ್ಲುವುದನ್ನು ನಾನು ಹತ್ತೊಂಬತ್ತು ವರ್ಷಗಳಿಂದ ನೋಡಿರಲಿಲ್ಲ.

ಮೇಲೆ ಬಂದವರು ನನ್ನನ್ನು ನೋಡಿದಿರಿ, ಒಬ್ಬರನ್ನೊಬ್ಬರು ನೋಡಿಕೊಂಡಿರಿ, ಮತ್ತೆ ನಕ್ಕಿರಿ. ನಾನು ಕಾಲಿಗೆ ಬೀಳಲು ಬಗ್ಗಿದರೆ ವಾರಿಜಾ, "ಸಾಕು ಮಾರಾಯ್ತಿ, ಮೊದಲು ಊಟ ಹಾಕು" ಎಂದಳು. ಅಷ್ಟೇ. ಕಾಂದಿವಲಿಯಲ್ಲಿ ಏನು ನಡೆಯಿತೆಂದು ಒಂದು ವಾರ ಕೇಳಿದೆ. ನೀನು, "ಅವಳನ್ನು ಕೇಳು" ಎಂದೆ. ಅವಳು, "ಟೀಚರನ್ನು ಕೇಳು" ಎಂದಳು. ಉದ್ದು ರುಬ್ಬುವಾಗ ನಿಮ್ಮಿಬ್ಬರ ಕೈಯೂ ಗುಂಡಿನ ಮೇಲಿತ್ತು. ನನಗೆ ಸಂತೋಷದಲ್ಲಿ ಶಾಸ್ತ್ರದ ಹಾಡು ಮರೆತುಹೋಯಿತು. ಆದರೂ ನನ್ನನ್ನು ಹೊರಗಿಟ್ಟಿರಿ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಈಗಲಾದರೂ ಹೇಳು. ಕೋಪ ತೀರ್ಮಾನವಾಯಿತೆ?

ನಿನ್ನ
ನೀಲಾವತಿ

ಮೈಸೂರು
೯ ಜೂನ್ ೧೯೫೭

ಪ್ರಿಯ ನೀಲಾವತಿ,

ನಿನಗೆ ಮೂರು ವಾರ ಏನನ್ನೂ ಹೇಳಬಾರದೆಂಬುದು ವಾರಿಜಾ ವಿಧಿಸಿದ ಶಿಕ್ಷೆ. ಅವಳು ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದುದಕ್ಕೆ ಮೂರು ವಾರ ಅಗ್ಗವಾಯಿತೆಂದೇ ನನ್ನ ಅಭಿಪ್ರಾಯ. ಅವಧಿ ಮುಗಿದಿದೆ, ಕೇಳು.

ಮೈಸೂರಿನಿಂದ ದಾದರಿನವರೆಗೆ ನಾನು ಒಂದು ಭಾಷಣವನ್ನು ರಚಿಸಿದ್ದೆ. ಒಳ್ಳೆಯ ಭಾಷಣ, ಒಂದು ಪದವನ್ನೂ ಕದಲಿಸುವಂತಿರಲಿಲ್ಲ. ಅವಳ ಅಂಗಳಕ್ಕೆ ಕಾಲಿಟ್ಟಾಗ ಅವಳು ಕಲ್ಲಿನ ಮುಂದೆ ಕುಳಿತು ಗುಂಡನ್ನು ತೊಳೆಯುತ್ತಿದ್ದಳು. ತಲೆಯೆತ್ತಿ ನೋಡಿ, ನಾನು ತರಕಾರಿಗೆ ಹೋಗಿ ಬಂದವಳೆಂಬಂತೆ, "ಬಾವಿಯ ಹತ್ತಿರ ಜಾರ್ತದೆ, ನೋಡಿ ನಡಿ" ಎಂದಳು. ನನ್ನ ಭಾಷಣವೆಲ್ಲ ಎಲ್ಲಿಗೆ ಹೋಯಿತೋ! ನಾನು ಕೇಳಿದ್ದು ಒಂದೇ ಮಾತು:

"ಬೆಳಗಿನ ಸರದಿ ನನ್ನದಲ್ಲವೆ?"

ಅವಳು ಎದ್ದು ಮಣೆಯನ್ನು ಬಿಟ್ಟುಕೊಟ್ಟಳು. ನಾನು ಕುಳಿತೆ. ಆಮೇಲೆ ನಾನು, ಆ ದಿನ ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಕೇಳಿದ್ದು ಒಳ್ಳೆಯದಾಯ್ತು. ಕೇಳದಿದ್ದರೆ ಮಣೆ ಎಳೀತಿದ್ದೆ" ಎಂದಳು.

ಇನ್ನು ನಾನು ನಿನ್ನಿಂದಲೂ ಮುಚ್ಚಿಟ್ಟಿದ್ದನ್ನು ಹೇಳಬೇಕು. ನೀನು ನಿನ್ನದನ್ನು ಬರೆದ ಮೇಲೆ ಮೂರು ವಾರಕ್ಕೂ ಮೀರಿ ನಾನು ಉತ್ತರಿಸದಿದ್ದುದು ಕೋಪದಿಂದಲ್ಲ. ನನ್ನದನ್ನು ಬರೆಯುವ ಧೈರ್ಯ ಬರಲಿಲ್ಲ. ಆ ಬೆಳಿಗ್ಗೆ ಕಲ್ಲು ನಾರುತ್ತಿದೆಯೆಂದು ನನಗೆ ತಿಳಿದದ್ದು ರುಬ್ಬುವ ಮುನ್ನವಲ್ಲ, ರುಬ್ಬಿದ ಅನಂತರ. ಚಟ್ನಿಯನ್ನು ಇವರಿಗೆ ಬಡಿಸಿಯಾಗಿತ್ತು. ಇವರು ಎರಡನೆಯ ಸಲ ಹಾಕಿಸಿಕೊಂಡರು, ಮೂರನೆಯ ಸಲವೂ ಕೇಳಿದರು, "ಇವತ್ತೇನು ಅಮೃತ ಹಾಕಿದ್ದೀಯೆ?" ಎಂದು ಹೇಳಿ ಕಚೇರಿಗೆ ಹೊರಟರು. ಆಮೇಲೆ ಕಲ್ಲನ್ನು ತೊಳೆಯಲು ಹೋದಾಗ, ಎಂದೂ ಅರಿಯದ ಘಾಟು ಮೂಗಿಗೆ ಬಡಿಯಿತು. ಸಂಜೆ ಆ ಕಲ್ಲಿನಲ್ಲಿ ರುಬ್ಬುವವಳು ವಾರಿಜಾ. ಮನೆಯ ಯಜಮಾನನಿಗೆ ನನ್ನ ಕೈಯಾರೆ ಮೀನನ್ನು ಉಣ್ಣಿಸಿದೆನೆಂದುಕೊಂಡೆ. ಅಂದು ನಾನು ಕೂಗಾಡಿದ್ದು ಕೋಪದಿಂದಲ್ಲ ನೀಲಾವತಿ, ಭಯದಿಂದ. ಇವರು ಆ ಚಟ್ನಿಯನ್ನು ನೆನೆದಾಗಲೆಲ್ಲ ನಾನು ಮೈಸೂರಿನ ನೀರನ್ನು ದೂರಿದ್ದೇನೆ, ಪಾಪದ ನೀರನ್ನು!

ಇದನ್ನು ವಾರಿಜಾಳಿಗೆ ಹೇಳಿದೆ. ಅವಳು ನನ್ನನ್ನು ಬಾಯಿ ಬಿಟ್ಟು ನೋಡಿದಳು.

"ಮೀನಾ? ಕಲ್ಲಿಗೆ ಮೀನು ಹಾಕಿ ರುಬ್ಬುವವರು ಯಾವ ಊರಲ್ಲುಂಟು ಅಮ್ಮಣ್ಣಿ? ಮೀನು ನನ್ನ ಕೈಯಲ್ಲಿ, ನನ್ನ ಕೋಣೆಯೊಳಗೆ ಇತ್ತು. ನೀಲಾವತಿ ರುಬ್ಬಿದ್ದು ಬರೀ ಮಸಾಲೆ."

"ಹಾಗಾದರೆ ಆ ವಾಸನೆ?"

ಅವಳು ಒಳಗೆ ಹೋಗಿ ಒಂದು ಡಬ್ಬಿಯನ್ನು ತಂದು ಮೂಗಿಗೆ ಹಿಡಿದಳು. ಒಣಗಿ ಬಾಯಿಬಿಟ್ಟ ಪುಟ್ಟ ಪುಟ್ಟ ಕಾಯಿಗಳು. ಅದೇ ಘಾಟು! "ಜುಮ್ಮನಕಾಯಿ. ಮರದ ಕಾಯಿ. ಬಂಗುಡೆಗೆ ಇದು ಹಾಕಿದರೆ ಬೆಳ್ಳುಳ್ಳಿ ಸಹ ಹಾಕುವ ಕ್ರಮ ಇಲ್ಲ. ತೆಂಗಿನಕಾಯಿ, ಮೆಣಸು, ಹುಣಿಸೆ, ಇದು. ನಿನ್ನ ಮಡಿಗೆ ಆಗದ್ದು ಇದರಲ್ಲಿ ಯಾವುದುಂಟು ಹೇಳು?"

ಯಾವುದೂ ಇರಲಿಲ್ಲ. ಮೀನಿನ ವಾಸನೆ ಹೇಗಿರುತ್ತದೆಂಬುದನ್ನು ಅರಿಯದವಳು ಮೀನಿನ ಅಪವಾದವನ್ನು ಹೊರಿಸಿದ್ದೆ, ಹೊತ್ತವಳು ಹೊರಬೇಕಾದವಳಲ್ಲ. ನಾವಿಬ್ಬರೂ ಅಲ್ಲಿಯೇ ಕುಳಿತು, ಪೂವಪ್ಪನವರು ಗಾಬರಿಯಿಂದ ಹೊರಗೆ ಬರುವಷ್ಟು ನಕ್ಕೆವು. ಅತ್ತದ್ದೂ ಉಂಟು. ಅದರ ವಿವರ ನಿನಗೆ ಬೇಡ.

ಲಾರಿಯಲ್ಲಿ ಗುಂಡು ಉರುಳೀತೆಂದು ಅದನ್ನು ಸೀರೆಯಲ್ಲಿ ಸುತ್ತಿ ನನ್ನ ಮಡಿಲಲ್ಲಿಟ್ಟುಕೊಂಡು ಲೋಕಲ್ ಗಾಡಿಯನ್ನು ಹತ್ತಿದೆವು. ಹೆಂಗಸರ ಡಬ್ಬಿಯಲ್ಲಿ ಎದುರಿಗೆ ಕುಳಿತಿದ್ದ ಮರಾಠಿ ಮುದುಕಿ ಮಗುವೆಂದು ಭಾವಿಸಿ, ಗಂಟನ್ನು ತಟ್ಟಿ, "ಮುಲ್ಗಾ ಕೀ ಮುಲ್ಗೀ?" ಎಂದು ಕೇಳಿದಳು. ಗಂಡೋ ಹೆಣ್ಣೋ ಎಂದು. ವಾರಿಜಾ ತಟಕ್ಕನೆ, "ದಗಡ್ ಆಹೇ ಬಾಯೀ!" ಎಂದಳು. ಕಲ್ಲು ತಾಯಿ, ಕಲ್ಲು. ಮುದುಕಿ ನನ್ನ ಕಡೆಗೆ ಬಹಳ ಕನಿಕರದಿಂದ ನೋಡಿದಳು. ನೀನು ಕಿಟಕಿಯಿಂದ ಕಂಡ ನಗು ಅದು.

ಕೋಪದ ವಿಷಯ ಕೇಳಿದ್ದೀಯೆ. ಮೂವರೂ ಒಂದೇ ಚಟ್ನಿಯನ್ನು ಮೂರು ಬಗೆಯಲ್ಲಿ ಬಚ್ಚಿಟ್ಟವರು. ಯಾರು ಯಾರ ಮೇಲೆ ಕೋಪಿಸಿಕೊಳ್ಳಬೇಕೆಂಬುದನ್ನು ನಿರ್ಣಯಿಸಲು ನನ್ನ ತರ್ಕಕ್ಕೆ ಶಕ್ತಿ ಸಾಲದು. ಬಿಟ್ಟುಬಿಟ್ಟಿದ್ದೇನೆ.

ಹೊರಡುವಾಗ ವಾರಿಜಾ ನನ್ನ ಸೆರಗಿಗೆ ಒಂದು ಪೊಟ್ಟಣವನ್ನು ಕಟ್ಟಿದ್ದಳು. ಇಂದು ಬೆಳಿಗ್ಗೆ ಚಟ್ನಿ ರುಬ್ಬುವಾಗ, ಅವಳು ಹೇಳಿದಂತೆ ಅದರ ನಾಲ್ಕೇ ಜುಮ್ಮನಕಾಯಿಗಳನ್ನು ಕೊನೆಯಲ್ಲಿ ಹಾಕಿ ಗುಂಡನ್ನು ಎರಡು ಸುತ್ತು ತಿರುಗಿಸಿ ತೆಗೆದೆ. ಇವರಿಗೆ ಬಡಿಸಿ, ಕಂಬದ ಪಕ್ಕದಲ್ಲಿ ನಿಂತೆ. ಇವರು ಒಂದು ತುತ್ತನ್ನು ಬಾಯಿಗಿಟ್ಟರು. ಕೈ ತಟ್ಟೆಯ ಮೇಲೆಯೇ ನಿಂತಿತು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಏನೇ ಇದು! ಅದೇ ಕಣೇ! ಇಷ್ಟು ವರ್ಷ ಎಲ್ಲಿತ್ತು?"

"ಕಾಂದಿವಲಿಯಲ್ಲಿತ್ತು" ಎಂದೆ.

ನಿನ್ನ
ಅಮ್ಮಣ್ಣಿ